ಶಾಸನಾಕರಗಳ ಶೋಧ ಮತ್ತು ಹಳೆಯ ಗಡಿಗಳು

ಕನ್ನಡ ನಾಡಿನ ಇತಿಹಾಸವನ್ನು ಕುರಿತು ಪ್ರಬಂಧ ರಚಿಸುವವರು ಶಾಸನಾಧಾರಗಳಿಗಾಗಿ ಮೊದಲು ಕೈಗೆತ್ತಿಕೊಳ್ಳುವುದು ‘ಎಪಿಗ್ರಾಫಿಯ ಕರ್ನಾಟಿಕ’ವನ್ನು. ಆದರೆ ಅದರ ವ್ಯಾಪ್ತಿ ಹೆಸರು ಸೂಚಿಸುವಷ್ಟು ಹಿರಿದಲ್ಲವೆಂಬುದನ್ನು ನಾವು ಮರೆಯಲಾಗದು. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಹೊರತಂದ 12 ಸಂಪುಟಗಳು ಕೊಡಗು ಹಾಗೂ ಮೈಸೂರು ಸಂಸ್ಥಾನಕ್ಕೆ ಸೀಮಿತವಾದವು. ಅವನ್ನಷ್ಟೇ ನಂಬಿ ಚಾಲುಕ್ಯರನ್ನು ಕುರಿತು ಬರೆದರೆ ಬಾದಾಮಿ, ಕಲ್ಯಾಣಗಳೆಂಬ ರಾಜಧಾನಿಗಳೇ ಹೊರಗುಳಿದು, ಶಿಕಾರಿಪುರ, ಸೊರಬ ಸೀಮೆಗಳ ಚಿತ್ರವೇ ಸಮಗ್ರ ರಾಜ್ಯದ ಚಿತ್ರವೆನಿಸೀತು.

ಅಂದು ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಶಾಸನಗಳ ಪ್ರಕಟಣೆಯೂ ಬಹುಮಟ್ಟಿಗೆ ಅದೇ ಗಡಿಗಳನ್ನು ಅನುಸರಿಸಿತು. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿಯ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿಯೂ, ಮುಂಬಯಿ ಕರ್ನಾಟಕದವನ್ನು 11 ಮತ್ತು 15ನೆಯ ಸಂಪುಟಗಳಲ್ಲಿಯೂ, ಕೊಪ್ಪಳದವನ್ನು ಹೈದರಾಬಾದ್ ಪುರಾತತ್ತ್ವ ಮಾಲೆಯ 1935ರ ಪ್ರಕಟಣೆಯಲ್ಲಿಯೂ ಅರಸಬೇಕಾಗುತ್ತದೆ.

ಆದುದರಿಂದ ಆಕರಶೋಧನೆಯಲ್ಲಿ ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, 1956ರ ಏಕೀಕರಣಕ್ಕೆ ಮುನ್ನ ಆ ಊರು ಯಾರ ಆಡಳಿತದಲ್ಲಿತ್ತು ಎಂಬುದು. ಚೆನ್ನೈ, ಮುಂಬಯಿ, ಹೈದರಾಬಾದುಗಳು ಆ ಆಡಳಿತಗಳ ರಾಜಧಾನಿಗಳಾಗಿದ್ದವು. ಹೊರನಾಡಿನ ಸಂಶೋಧಕರು ಬೆಂಗಳೂರಿಗೆ ಹೊರಡುವ ಮುನ್ನ ತಮ್ಮ ನಗರದ ಹಳೆಯ ಗ್ರಂಥಭಂಡಾರಗಳ ಸೂಚಿಗಳನ್ನು ಪರಿಶೀಲಿಸುವುದು ಯುಕ್ತ.