ಕಿತ್ತೂರಿಗೆ ನಲವತ್ತು ಬೈಟಿನ ಲಕೋಟೆ

ಸಿ ಭಾಷೆಯಲ್ಲಿ ಸಾಕೆಟ್ ಪ್ರೋಗ್ರಾಂ ಬರೆದವರಿಗೆ ಸೆಟ್‌ಸಾಕ್‌ಆಪ್ಟ್, ಗೆಟ್‌ಸಾಕ್‌ಆಪ್ಟ್ ಗೊತ್ತೇ ಇರುತ್ತೆ. ಒಂದು ಸಾಕೆಟ್‌ನ ಗುಣ ಬದಲಿಸೋಕೆ, ಇನ್ನೊಂದು ಈಗ ಏನಿದೆ ಅಂತ ಓದೋಕೆ. ಎರಡೂ ಬಂದಿದ್ದು 1983ರಲ್ಲಿ, ಬರ್ಕ್ಲಿಯ 4.2 ಬಿಎಸ್‌ಡಿ ಯುನಿಕ್ಸ್ ಜೊತೆ. ಆಮೇಲೆ ಸೇರಿದ ಒಂದು ಆಯ್ಕೆಯ ಕತೆಯನ್ನ ನಮ್ಮೂರ ಹೆಸರಿಟ್ಟುಕೊಂಡೇ ಹೇಳ್ತೀನಿ.

'ಕಿತ್ತೂರು' ಕಣ್ಣಿಗೆ ಮೂರೇ ಅಕ್ಷರ. ಯುನಿಕೋಡಿನಲ್ಲಿ ಗುಡಿಸು, ಕೊಂಬು, ಒತ್ತು ಎಲ್ಲ ಸೇರಿ 8 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 24. ಬಿಡಿಬಿಡಿಯಾಗಿ ಕಳಿಸಿದರೆ ಪ್ರತಿಯೊಂದಕ್ಕೂ ಟಿಸಿಪಿ-ಐಪಿಯ 40 ಬೈಟ್ ಲಕೋಟೆ ಬೇರೆ! ಒಟ್ಟು 344.

ಈ ದುಂದಿಗೆ 1984ರ ಜನವರಿಯಲ್ಲಿ ಜಾನ್ ನೇಗಲ್ ಆರ್‌ಎಫ್‌ಸಿ 896ರಲ್ಲಿ ಮದ್ದು ಬರೆದರು: ಕಳಿಸಿದ್ದಕ್ಕೆ ಸ್ವೀಕೃತಿ ಬರೋವರೆಗೂ ಉಳಿದ ಚೂರುಗಳನ್ನ ಕೂಡಿಡಿ. ಮೊದಲು ಒಂದು ಸಂಕೇತ, ಆಮೇಲೆ ಏಳೂ ಒಟ್ಟಿಗೆ... 104 ಬೈಟ್.

ಆದರೆ ಅತ್ತ ಕಡೆಯ ಯಂತ್ರವೂ ಜಿಪುಣ. ಸ್ವೀಕೃತಿಯನ್ನ ತಡೆದು ಕಳಿಸುತ್ತೆ, ಬಿಎಸ್‌ಡಿಯಲ್ಲಿ 200 ಮಿಲಿಸೆಕೆಂಡ್‌ವರೆಗೂ. ಇಬ್ಬರೂ 'ನೀ ಮೊದಲು' ಅಂತ ಕೂತರೆ ಅಕ್ಷರ ಮುಗ್ಗರಿಸುತ್ತೆ.

1989ರ ಆರ್‌ಎಫ್‌ಸಿ 1122 ತೀರ್ಪು ಕೊಟ್ಟಿತು: ಕೂಡಿಡೋದು ಒಳ್ಳೇದೇ, ಆದರೆ ಬೇಡ ಅನ್ನೋಕೆ ದಾರಿ ಇರಲೇಬೇಕು. ಆ ದಾರಿಯೇ ಟಿಸಿಪಿ ನೋಡಿಲೇ. ಸೆಟ್‌ಸಾಕ್‌ಆಪ್ಟ್‌ನಲ್ಲಿ ಅದಕ್ಕೆ 1 ಕೊಟ್ಟರೆ ಚೂರುಗಳು ಕಾಯಲ್ಲ.

ನಾವೆಲ್ಲ ತಡವಾದರೆ ಸಾಕು, ಕಣ್ಣುಮುಚ್ಚಿ 1 ಕೊಟ್ಟುಬಿಡ್ತೀವಿ. ಆಗ ಮತ್ತೆ ಅದೇ 344! ಅದರ ಬದಲು ಇಡೀ ಪದವನ್ನ ಒಂದೇ ರೈಟ್‌ನಲ್ಲಿ ಬರೆದು ನೋಡಿ. 64 ಬೈಟಿಗೆ ಕಿತ್ತೂರು ಪೂರ್ತಿ ತಲುಪುತ್ತೆ. ನೀವೇನಂತೀರಿ?