ಗಣಿಯಿಂದ ಕೊಳವೆಬಾವಿಗೆ: ರೇಡಾನ್ ಅಧ್ಯಯನ ನಡೆದುಬಂದ ದಾರಿ

ಟಿ. ದಾಸರಹಳ್ಳಿ ನಗರಸಭೆ ಬೆಂಗಳೂರು ಮಹಾನಗರದೊಳಗೆ ಸೇರಿದ್ದು 2007ರಲ್ಲಿ. ಇಂಥ ಹೊರವಲಯದ ಬಡಾವಣೆಗಳಿಗೆ ಕಾವೇರಿ ಬರುವ ಮುಂಚೆ ನೀರುಣಿಸಿದ್ದು ಬೋರ್‌ವೆಲ್. ಅದು ಇಳಿಯುವುದು ಗ್ನೈಸ್, ಗ್ರಾನೈಟ್ ಬಂಡೆಗೆ. ಬಂಡೆಯಲ್ಲಿ ಅಲ್ಪಸ್ವಲ್ಪ ಯುರೇನಿಯಂ ಇದ್ದೇ ಇರುತ್ತದೆ. ಅದು ಸಾವಕಾಶವಾಗಿ ವಿಘಟಿಸಿ ರೇಡಿಯಂ ಆಗುತ್ತದೆ. ರೇಡಿಯಂನಿಂದ ಬಣ್ಣ, ವಾಸನೆ ಇಲ್ಲದ ರೇಡಾನ್ ಅನಿಲ ಹುಟ್ಟಿ ಬಿರುಕುಗಳ ನೀರಲ್ಲಿ ಕರಗುತ್ತದೆ.

ಈ ಅನಿಲದ ಅಪಾಯ ಮೊದಲು ಕಂಡದ್ದು ಗಣಿಗಳಲ್ಲಿ. ಜರ್ಮನಿಯ ಶ್ನೀಬರ್ಗ್ ಗಣಿಗಾರರನ್ನು ಕೊಲ್ಲುತ್ತಿದ್ದ ಕಾಯಿಲೆ ಶ್ವಾಸಕೋಶದ ಗಡ್ಡೆ ಎಂದು ಹಾರ್ಟಿಂಗ್ ಮತ್ತು ಹೆಸ್ಸೆ 1879ರಲ್ಲಿ ಗುರುತಿಸಿದರು. ಆಗಿನ್ನೂ ವಿಕಿರಣಶೀಲತೆಯೇ ಪತ್ತೆಯಾಗಿರಲಿಲ್ಲ. ಕಾರಣ ಮುಂದೆ ತಿಳಿಯಿತು: ರೇಡಾನ್ ಒಡೆದಾಗ ಹುಟ್ಟುವ ಪೊಲೋನಿಯಂ ಕಣಗಳು ಧೂಳಿಗೆ ಅಂಟಿ ಶ್ವಾಸನಾಳದಲ್ಲಿ ಕೂರುತ್ತವೆ, ಅವು ಸೂಸುವ ಆಲ್ಫಾ ಕಣಗಳು ಜೀವಕೋಶದ ಡಿಎನ್‌ಎಯನ್ನು ಹಾಳುಗೆಡವುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ರೇಡಾನನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು.

ಅಷ್ಟರಲ್ಲಿ ಪ್ರಶ್ನೆ ಮನೆಯೊಳಗೂ ಬಂದಿತ್ತು. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಣುಸ್ಥಾವರವೊಂದರ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಾಸ್ ಕೆಲಸಕ್ಕೆ ಹೋದರೆ ವಿಕಿರಣ ಪತ್ತೆಯ ಎಚ್ಚರಿಕೆ ಗಂಟೆ ಮೊಳಗುತ್ತಿತ್ತು. ಮೂಲ ಸ್ಥಾವರವಲ್ಲ, ಅವರ ಮನೆಯಲ್ಲಿದ್ದ ರೇಡಾನ್. ಯುರೋಪಿನ 13 ಅಧ್ಯಯನಗಳನ್ನು ಒಗ್ಗೂಡಿಸಿದ ಸಾರಾ ಡಾರ್ಬಿ ತಂಡ 2005ರಲ್ಲಿ ಲೆಕ್ಕ ಕೊಟ್ಟಿತು: ಮನೆಯ ಗಾಳಿಯಲ್ಲಿ ಘನ ಮೀಟರಿಗೆ ಪ್ರತಿ 100 ಬೆಕ್ವೆರೆಲ್ (ವಿಕಿರಣಶೀಲತೆಯ ಮಾನ) ಹೆಚ್ಚಿದಂತೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಸುಮಾರು ಶೇ. 16ರಷ್ಟು ಏರುತ್ತದೆ. ಆ ಮಟ್ಟದಲ್ಲಿ 75 ವರ್ಷದೊಳಗೆ ಈ ಕ್ಯಾನ್ಸರಿಗೆ ಬಲಿಯಾಗುವ ಸಾಧ್ಯತೆ ಎಂದೂ ಸೇದದವರಿಗೆ ಶೇ. 0.5, ಸಿಗರೇಟು ಸೇದುವವರಿಗೆ ಶೇ. 12. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100 ಬೆಕ್ವೆರೆಲನ್ನೇ ಮಾರ್ಗದರ್ಶಿ ಮಟ್ಟವಾಗಿ ಸೂಚಿಸಿತು.

ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಈ ಅಳತೆಯನ್ನು ಬೆಳೆಸಿದರು. ಬೆಂಗಳೂರಿನ ಸುತ್ತಮುತ್ತಲ ಗಾಳಿಯ ರೇಡಾನ್ ಕುರಿತ ಪ್ರಬಂಧ 2008ರಲ್ಲಿ ಬಂತು. 2010ರಲ್ಲಿ ಭಾರತೀಯ ಭೂವೈಜ್ಞಾನಿಕ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಲೇಖನ ನಗರದ ಅಂತರ್ಜಲದತ್ತ ಗಮನ ಸೆಳೆಯಿತು: ಕೆಲವು ಮಾದರಿಗಳಲ್ಲಿ ಲೀಟರಿಗೆ 1,000 ಬೆಕ್ವೆರೆಲ್‌ಗೂ ಮೀರಿದ ರೇಡಾನ್ ಇತ್ತು. ಅಮೆರಿಕ 1999ರಲ್ಲಿ ಪ್ರಸ್ತಾಪಿಸಿದ ಮಿತಿ ಸುಮಾರು 11.

ಹಾಗೆಂದು ನೀರು ಕುಡಿದೊಡನೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಮುಖ್ಯ ಅಪಾಯ ಹೊಟ್ಟೆಯ ದಾರಿಯಿಂದಲ್ಲ, ಉಸಿರಿನ ದಾರಿಯಿಂದ. ಸ್ನಾನ, ಬಟ್ಟೆ ಒಗೆತದ ವೇಳೆ ನೀರಿನ ರೇಡಾನ್ ಗಾಳಿಗೆ ಬರುತ್ತದೆ; ಸಾಮಾನ್ಯ ಅಂದಾಜಿನಂತೆ ಹತ್ತು ಸಾವಿರದಲ್ಲಿ ಒಂದು ಪಾಲು ಮನೆಯ ಗಾಳಿಗೆ ಕೂಡುತ್ತದೆ. ಅಂದರೆ ಲೀಟರಿಗೆ 1,000 ಬೆಕ್ವೆರೆಲ್, ಎಂದರೆ ಘನ ಮೀಟರಿಗೆ ಹತ್ತು ಲಕ್ಷ, ಇರುವ ನೀರು ಗಾಳಿಗೆ ಘನ ಮೀಟರಿಗೆ ಸುಮಾರು 100 ಸೇರಿಸಬಲ್ಲದು. ಈ ಅಂದಾಜು ಹುಟ್ಟಿದ್ದು ಚಳಿಗೆ ಕಿಟಕಿ ಮುಚ್ಚುವ ದೇಶದಲ್ಲಿ. ಕಿಟಕಿ ತೆರೆದಿಡುವ ನಮ್ಮ ಮನೆಗಳಲ್ಲಿ ಅದು ಇನ್ನೂ ತಗ್ಗುತ್ತದೆ. ಆದರೆ ದಾಸರಹಳ್ಳಿಯ ಗೋಡೆಗೆ ಗೋಡೆ ಅಂಟಿದ ಬಾಡಿಗೆ ಮನೆಗಳಿಗೆ ಆ ಸಮಾಧಾನ ಸಲ್ಲದು.

ಆದ್ದರಿಂದ ನೀರಿನೊಂದಿಗೆ ಕೋಣೆಯ ಗಾಳಿಯನ್ನೂ ಅಳೆಯಬೇಕು. ಮನೆಯವರು ಬೋರ್ ನೀರನ್ನು ನೇರ ನಲ್ಲಿಗೆ ಬಿಡದೆ, ಗಾಳಿಯಾಡುವ ಟ್ಯಾಂಕಿಗೆ ಮೇಲಿನಿಂದ ಧುಮುಕಿಸಲಿ. ಬಚ್ಚಲಿನ ಕಿಟಕಿ ತೆರೆದಿಡಲಿ. ಬೀಡಿ, ಸಿಗರೇಟು ಬಿಡುವುದಕ್ಕಿಂತ ದೊಡ್ಡ ರಕ್ಷಣೆ ಬೇರಿಲ್ಲ.