ಎರೆಮಣ್ಣಿನ ಕೊಡುಗೆ: ವಿಜಯಪುರ ಸೀಮೆಯ ಮಣ್ಣೆತ್ತಿನ ಪರಂಪರೆ

ವಿಜಯಪುರ ನಗರದಲ್ಲಿಯೂ ಅದರ ಪಶ್ಚಿಮಕ್ಕಿರುವ ತಿಕೋಟಾ, ನೈಋತ್ಯಕ್ಕಿರುವ ಬಬಲೇಶ್ವರ ಭಾಗದ ಹಳ್ಳಿಗಳಲ್ಲಿಯೂ ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ಒಂದು ಜೊತೆ ಮಣ್ಣಿನ ಎತ್ತು ಹಾಗೂ ಅವುಗಳಿಗೆ ಮೇವು ಹಾಕುವ ಗ್ವಾದಲಿಯನ್ನು ಮಾಡಿ, ದೇವರ ಜಗಲಿಯ ಮೇಲಿಟ್ಟು ಪೂಜಿಸಿ, ಬಳಿಕ ಅವನ್ನು ಮಕ್ಕಳ ಕೈಗೆ ಕೊಡುವ ರೂಢಿ ಬಹುಕಾಲದಿಂದ ನಡೆದು ಬಂದಿದೆ. ಮಣ್ಣೆತ್ತಿನ ಅಮಾವಾಸ್ಯೆ ಎಂದು ಕರೆಯಲಾಗುವ ಈ ಹಬ್ಬವು ಒಕ್ಕಲುತನದ ಆಚರಣೆಯಾಗಿರುವಂತೆಯೇ, ಮನೆಯ ಹಿರಿಯರು ಕಿರಿಯರಿಗಾಗಿ ತಮ್ಮ ಕೈಯಿಂದಲೇ ಮಾಡಿಕೊಡುವ ಕೊಡುಗೆಯ ಹಬ್ಬವೂ ಆಗಿದೆ.

ಈ ಕೊಡುಗೆಯ ಮೂಲದ್ರವ್ಯ ಎರೆಮಣ್ಣು, ಅಂದರೆ ದಖ್ಖನ್ನಿನ ಕರಿಕಲ್ಲು ಸವೆದು ಉಂಟಾದ, ಜಿಗುಟು ಹೆಚ್ಚಾಗಿರುವ ಕಪ್ಪು ಮಣ್ಣು. ಡೋಣಿ ನದಿಯ ಕಣಿವೆಯನ್ನು ಬಿಳಿಜೋಳಕ್ಕೆ ಹೆಸರುವಾಸಿಯಾಗಿಸಿದ ಈ ಮಣ್ಣು ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಆಳವಾದ ಬಿರುಕು ಬಿಡುವ ಸ್ವಭಾವದ್ದಾದ್ದರಿಂದ, ಗೊಂಬೆ ಮಾಡುವವರು ಅದನ್ನು ನೆನೆಹಾಕಿ, ಹರಳು ಕಸಗಳನ್ನು ಆರಿಸಿ ತೆಗೆದು, ಅರಳೆಯನ್ನೋ ಸಣ್ಣ ಹೊಟ್ಟನ್ನೋ ಬೆರೆಸಿ ಚೆನ್ನಾಗಿ ಕುಟ್ಟಿ ಹದಕ್ಕೆ ತರುತ್ತಾರೆ. ಅರಳೆಯ ಎಳೆಗಳು ಮಣ್ಣನ್ನು ಹಿಡಿದಿಡುವುದರಿಂದ ಒಣಗುವಾಗ ಕಾಲು, ಕೋಡುಗಳು ಸುಲಭವಾಗಿ ಸೀಳುವುದಿಲ್ಲ.

ಮಣ್ಣಿನ ಈ ಅರಿವನ್ನು ಕಸುಬಾಗಿ ಕಾಪಾಡಿದವರು ಕುಂಬಾರರು. 1490ರಿಂದ 1686ರವರೆಗೆ ಆಳಿದ ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಯಪುರಕ್ಕೆ ಗಡಿಗೆ ಮಡಕೆಗಳಷ್ಟೇ ಅಲ್ಲದೆ ನೀರಿನ ಕೊಳವೆಗಳೂ ಮಣ್ಣಿನಿಂದಲೇ ಒದಗುತ್ತಿದ್ದವು. ಮುಹಮ್ಮದ್ ಆದಿಲಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಎಂಬ ಕೆರೆಯ ನೀರು ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಹರಿದು ನಗರವನ್ನು ಸೇರುತ್ತಿತ್ತು. ಹಳ್ಳಿಗಳಲ್ಲಿ ಕುಂಬಾರರು ಆಯಗಾರರಾಗಿದ್ದರು. ಆಯವೆಂದರೆ ವರ್ಷವಿಡೀ ಮಾಡಿಕೊಟ್ಟ ಕೆಲಸಕ್ಕೆ ಪ್ರತಿಯಾಗಿ ಸುಗ್ಗಿಯ ರಾಶಿಯಲ್ಲಿ ರೈತನು ಅಳೆದುಕೊಡುವ ಕಾಳಿನ ಪಾಲು. ಹಬ್ಬದ ದಿನ ಕುಂಬಾರರು ತಮ್ಮ ಒಕ್ಕಲು ಮನೆಗಳಿಗೆ ಎತ್ತುಗಳನ್ನು ಮುಟ್ಟಿಸಿ ಜೋಳ ಪಡೆಯುವುದು ಈ ಸಂಬಂಧದ ಒಂದು ಅಂಗವಾಗಿತ್ತು. ಉಳಿದ ಮನೆಗಳಲ್ಲಿ ಅಜ್ಜನೋ ತಂದೆಯೋ ಹೊಲದ ಮಣ್ಣು ತಂದು ತಾವೇ ಎತ್ತು ಮಾಡುತ್ತಿದ್ದರು.

ಎತ್ತಿನ ಆಕಾರದಲ್ಲಿ ಈ ಸೀಮೆಯ ಗುರುತು ಸ್ಪಷ್ಟವಾಗಿದೆ. ಇಲ್ಲಿಯ ಕಿಲಾರಿ ತಳಿಯ ಎತ್ತಿಗೆ ಉದ್ದನೆಯ, ಹಿಂದಕ್ಕೆ ಬಾಗಿ ಮೇಲಕ್ಕೆದ್ದ ಕೋಡುಗಳೂ ಎದ್ದು ಕಾಣುವ ಇಣಿಯೂ (ಹೆಗಲ ಮೇಲಿನ ಡುಬ್ಬ) ಇರುವುದರಿಂದ ಮಾಡುವವರ ಬೆರಳುಗಳು ಮೊದಲು ಈ ಎರಡನ್ನೇ ತಿದ್ದುತ್ತವೆ. ಮೈಯನ್ನು ಒಂದೇ ಮುದ್ದೆಯಿಂದ ಹಿಗ್ಗಿಸಿ ನಾಲ್ಕು ಕಾಲುಗಳನ್ನು ಎಳೆದು ನಿಲ್ಲಿಸಿ, ಕಣ್ಣಿನ ಜಾಗದಲ್ಲಿ ಜೋಳದ ಕಾಳನ್ನೊತ್ತಿ, ಕೊರಳ ಸುತ್ತ ಕುಸುಬಿಯ ಕಾಳುಗಳನ್ನು ಗೆಜ್ಜೆಸರದಂತೆ ಸಾಲಾಗಿ ಚುಚ್ಚುತ್ತಾರೆ. ಹೀಗೆ ಹೊಲದಲ್ಲಿ ಬೆಳೆದ ಕಾಳೇ, ಹೊಲದ ಮಣ್ಣಿನಿಂದಾದ ಎತ್ತಿಗೆ ಒಡವೆಯಾಗುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಹದಿನೈದು ದಿನ ಮೊದಲು ಬರುವ ಕಾರ ಹುಣ್ಣಿಮೆಯಲ್ಲಿ ಜೀವಂತ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುವ, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳು ಹರಿಯುವ ಓಟ ನಡೆಸಲಾಗುತ್ತದೆ. ಎತ್ತು ಕಟ್ಟುವ ಶಕ್ತಿಯಿಲ್ಲದ ಮನೆಗೂ ಅಮಾವಾಸ್ಯೆಯಂದು ಒಂದು ಜೊತೆ ಎತ್ತು ಬರುತ್ತದೆ ಎಂಬುದು ಮಣ್ಣೆತ್ತಿನ ವಿಶೇಷ. ದನಕರುಗಳನ್ನು ಅಪಾರವಾಗಿ ಬಲಿ ತೆಗೆದುಕೊಂಡ 1876–78ರ ಭೀಕರ ಬರವನ್ನು ಕಂಡ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಮರುದಿನ ಮಕ್ಕಳು ಕಾಲು ಮುರಿದ ‘ಕುಂಟೆತ್ತ’ನ್ನು ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳುತ್ತಾರೆ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಹಳ್ಳದ ಮಣ್ಣಿನಿಂದ ಮಾಡಿ ಗುಲಗಂಜಿಯಿಂದ ಸಿಂಗರಿಸುವ ಗುಳ್ಳವ್ವ, ಶ್ರಾವಣದ ಪಂಚಮಿಯ ನಾಗಪ್ಪ, ಭಾದ್ರಪದದ ಗಣಪ್ಪ ಮತ್ತು ಜೋಕುಮಾರ ಹೀಗೆ ಮಳೆಗಾಲದುದ್ದಕ್ಕೂ ಮಣ್ಣು ಒಂದೊಂದು ರೂಪ ತಾಳುತ್ತದೆ. ಇವನ್ನು ಆವಿಗೆಯಲ್ಲಿ ಸುಡುವುದಿಲ್ಲ; ಹಬ್ಬ ಮುಗಿದ ಮೇಲೆ ಹಳ್ಳಕ್ಕೋ ಬಾವಿಗೋ ಬಿಡುವುದರಿಂದ ಮರುವರ್ಷ ಹೊಸದಾಗಿ ಮಾಡಲೇಬೇಕಾಗುತ್ತದೆ, ಮಾಡುವ ವಿದ್ಯೆ ಮನೆಯಿಂದ ಮರೆಯಾಗುವುದಿಲ್ಲ.

ಇದಕ್ಕೆ ಹೋಲಿಸಿ ನೋಡಬಹುದಾದದ್ದು ಇಂದು ನಗರಗಳಲ್ಲಿ ಮನೆಮಂದಿಗೆ ಉಡುಗೊರೆ ಮಾಡಿಕೊಡಲು ಬಳಕೆಯಾಗುತ್ತಿರುವ ಪಾಲಿಮರ್ ಕ್ಲೇ. ಹೆಸರಿನಲ್ಲಿ ಕ್ಲೇ ಇದ್ದರೂ ಅದು ಪಿವಿಸಿ ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ದ್ರವ್ಯ ಬೆರೆಸಿದ ಕಣಕ. 1930ರ ದಶಕದ ಜರ್ಮನಿಯಲ್ಲಿ ಗೊಂಬೆ ತಯಾರಕಿ ಕೇಟೆ ಕ್ರೂಸೆಯ ಮನೆತನದಲ್ಲಿ ಇದರ ಪ್ರಯೋಗಗಳು ನಡೆದು, ಆಕೆಯ ಮಗಳ ಮಿಶ್ರಣವು 1960ರ ದಶಕದಲ್ಲಿ ಫಿಮೋ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಮನೆಯ ಓವನ್ನಿನಲ್ಲಿ ಸುಮಾರು 110–130 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಗಟ್ಟಿಯಾಗುವ ಅದು ಬಹುಕಾಲ ಬಾಳುತ್ತದೆ. ಕೈಯಾರೆ ಮಾಡಿಕೊಡುವ ಪ್ರೀತಿ ಎರಡರಲ್ಲಿಯೂ ಒಂದೇ ಆದರೂ, ಮಣ್ಣೆತ್ತು ಕೊಡುವವನ ಹೊಲ, ಬೆಳೆ, ಋತುಗಳನ್ನೂ ತನ್ನೊಂದಿಗೆ ಮಗುವಿಗೆ ದಾಟಿಸುತ್ತದೆ.

ತುಬಚಿ–ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳಿಂದ ನೀರು ಬಂದು, ತಿಕೋಟಾ ಭಾಗದಲ್ಲಿ ದ್ರಾಕ್ಷಿ ಮತ್ತು ಒಣದ್ರಾಕ್ಷಿಯ ವ್ಯವಸಾಯ ಬೆಳೆದು, ಟ್ರ್ಯಾಕ್ಟರುಗಳು ಉಳುಮೆಗೆ ಇಳಿದ ಮೇಲೆ ಕೊಟ್ಟಿಗೆಯ ಎತ್ತುಗಳು ವಿರಳವಾಗಿವೆ. ಆಯದ ಕಾಳಿನ ಬದಲು ರೊಕ್ಕ ಕೊಟ್ಟು ವಿಜಯಪುರದ ಪೇಟೆಯಿಂದ ಮಣ್ಣೆತ್ತು ತರುವುದು ಸಾಮಾನ್ಯವಾಗಿದೆ. ಕೊಂಡು ತಂದ ಎತ್ತಿನಿಂದ ಪೂಜೆ ಸಾಂಗವಾಗಬಹುದು, ಕುಂಬಾರರ ಕಸುಬಿಗೆ ಅದು ಆಸರೆಯೂ ಹೌದು. ಆದರೆ ಮಣ್ಣನ್ನು ಹದಗೊಳಿಸುವ, ಬಿರುಕು ತಡೆಯುವ, ಕಿಲಾರಿಯ ಕೋಡನ್ನು ಬಾಗಿಸುವ ವಿದ್ಯೆ ಹಿರಿಯರ ಪಕ್ಕದಲ್ಲಿ ಕುಳಿತು ಕೈ ಕೆಸರು ಮಾಡಿಕೊಂಡ ಮಕ್ಕಳಿಗೆ ಮಾತ್ರ ದಕ್ಕುವಂಥದು. ಆದ್ದರಿಂದ ಪ್ರತಿ ಮನೆಯಲ್ಲಿ ವರ್ಷಕ್ಕೆ ಒಂದು ಜೊತೆ ಎತ್ತನ್ನಾದರೂ ಮಕ್ಕಳೊಡನೆ ಕೂಡಿ ಮಾಡುವುದು ಈ ಪರಂಪರೆಯ ರಕ್ಷಣೆಗೆ ಅತ್ಯಗತ್ಯವಾಗಿದೆ.